ಬೆನ್ನು ತಿರುಗಿಸಿ ಹತ್ತಿ ನೋಡುತ್ತಿದ್ದವರು

ನರಗುಂದದ ಪೇಟೆಯಲ್ಲಿ ಅವರ ಮುಖ ನೋಡಿದವರಿಗಿಂತ ಬೆನ್ನು ನೋಡಿದವರೇ ಹೆಚ್ಚು. ಹತ್ತಿಯ ಸುಗ್ಗಿಯಲ್ಲಿ ಬೆಳಿಗ್ಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ ನಮ್ಮ ಮಾವನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಬಲಗೈ ಬೆನ್ನ ಹಿಂದೆ, ಅಂಗೈ ಮೇಲ್ಮುಖವಾಗಿ. ಹತ್ತಿ ತುಂಬುವ ಆಳೆತ್ತರದ ಚೀಲಕ್ಕೆ ನಮ್ಮ ಕಡೆ ಅಂಡಿಗೆ ಅಂತಾರೆ. ಹಮಾಲ ಯಲ್ಲಪ್ಪ ಯಾವುದೋ ಒಂದು ಅಂಡಿಗೆಯ ಹೊಟ್ಟೆಯೊಳಗೆ ತೋಳಿನವರೆಗೆ ಕೈ ತೂರಿಸಿ, ಒಂದು ಹಿಡಿ ಹತ್ತಿ ಎಳೆದು, ತಂದು ಆ ಅಂಗೈಯಲ್ಲಿ ಇಡುತ್ತಿದ್ದ. ಆಮೇಲೆಯೇ ಆ ಕೈ ಮುಂದಕ್ಕೆ ಬರುತ್ತಿತ್ತು.

ಅದು ಯಾರ ಹತ್ತಿ ಎಂದು ತಮಗೆ ಗೊತ್ತಾಗಬಾರದು ಅಂತ ಹಾಗೆ.

"ಮಾರಿ ನೋಡಿದ್ರ ಕೈ ಸುಳ್ಳ ಹೇಳತೈತಿ" ಎನ್ನುತ್ತಿದ್ದರು.

ಇಡೀ ಪೇಟೆ ಅವರನ್ನು ಚಾಚಾ ಎಂದು ಕರೆಯುತ್ತಿತ್ತು. ಹೆಸರು ನಾನು ಬರೆಯುವುದಿಲ್ಲ. ಆ ಹೆಸರಿಗೆ ನಾವು ಒಮ್ಮೆ ಮಾಡಿದ್ದೇ ಸಾಕು. ಕಳೆದ ತಿಂಗಳು ಅವರು ತೀರಿಕೊಂಡರು. ಅವರಿದ್ದ ಜಾಗದಲ್ಲಿ ಈಗ ಆರು ವರ್ಷದಿಂದ ನಾನು ಕೂರುತ್ತಿದ್ದೇನೆ. ಆ ಜಾಗ ಅವರ ಮಗಳಿಗೆ ಸಿಗಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಅವರನ್ನು ಎಷ್ಟು ಹೊಗಳಿದರೂ ಅದು ನನ್ನ ಬಾಯಿಯಲ್ಲಿ ಚಲೋ ಕೇಳಿಸುವುದಿಲ್ಲ.

ಅವರು ಹತ್ತಿ ನೋಡುವ ರೀತಿ ಹೀಗಿತ್ತು. ಹಿಡಿಯಿಂದ ಒಂದೇ ಒಂದು ಕಾಳು ಆರಿಸುವುದು. ಅದರ ಸುತ್ತಲಿನ ಅರಳೆಯನ್ನು ಉಗುರಿನಿಂದ ಬಿಡಿಸುವುದು. ಎಳೆದು, ಮಡಿಸಿ, ಮತ್ತೆ ಎಳೆದು, ಎಳೆಗಳೆಲ್ಲ ತಲೆ ಬಾಚಿದ ಹಾಗೆ ಸಮ ಆಗುವ ತನಕ ಎಳೆಯುವುದು. ಉದ್ದ ಎಷ್ಟೆಂದು ಬೆರಳೇ ಹೇಳುತ್ತಿತ್ತು. ಕೊನೆಗೆ ಆ ಎಳೆಗಳನ್ನು ಎರಡು ಹೆಬ್ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು ಕಿವಿಯ ಹತ್ತಿರ ಒಯ್ದು ಪಟ್ಟನೆ ಹರಿಯುವುದು. ಜೀವ ಇರುವ ಹತ್ತಿ ಹರಿಯುವಾಗ ಚಟ್ ಅನ್ನುತ್ತದೆ, ಬೆರಳು ಮುರಿದ ಹಾಗೆ. ಮಳೆಗೆ ತೊಯ್ದು ಒಣಗಿದ್ದು, ಮನೆಯಲ್ಲಿ ಬಹಳ ದಿನ ಬಿದ್ದು ಬೆಂದದ್ದು ಸದ್ದೇ ಮಾಡುವುದಿಲ್ಲ. ಕಣ್ಣಿಗೆ ಎರಡೂ ಬೆಳ್ಳಗೇ ಇರುತ್ತವೆ.

ನಾನು ಹೊಸದಾಗಿ ಬಂದಾಗ ಒಂದು ದಿನ ದೊಡ್ಡ ಜಮೀನುದಾರರೊಬ್ಬರು ಎರಡು ಟ್ರ್ಯಾಕ್ಟರ್ ಹತ್ತಿ ತಂದಿದ್ದರು. ಚಾಚಾ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು: "ಮ್ಯಾಲಿಂದ ಹೊಸಾದು, ನಡುವಿಂದ ಹ್ವಾದ ವರ್ಷದ್ದು. ಕೂಡಿಸಿ ತುಂಬ್ಯಾರ."

ಜಮೀನುದಾರರಿಗೆ ಸಿಟ್ಟು ನೆತ್ತಿಗೇರಿತು. "ಏ, ನಾ ಯಾರಂತ ಗೊತ್ತೈತೇನ ನಿನಗ?"

"ಗೊತ್ತಾಗಬಾರದಂತನ ಬೆನ್ನ ತಿರುಗಿಸಿ ನಿಂತೇನ್ರಿ ಯಜಮಾನ್ರ."

ಯಲ್ಲಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಅಂಡಿಗೆಗಳ ಹಿಂದೆ ಓಡಿಹೋದ. ನಗೆ ತಡೆಯುವುದು ಅವನಿಂದ ಆಗುತ್ತಿರಲಿಲ್ಲ.

ಆ ಬಲಗೈಯನ್ನು ಅವರು ಎಳೇ ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು. ಸುಗ್ಗಿ ಶುರುವಾದರೆ ತಲೆಗೆ ಎಣ್ಣೆ ಬಂದ್. ಮಿರ್ಚಿ ಬಜಿ ಎಂದರೆ ಪ್ರಾಣ, ಆದರೆ ಎಣ್ಣೆಯ ಪಸೆ ಬೆರಳಿಗೆ ಹತ್ತುತ್ತದೆಂದು ಅದೂ ಬಂದ್. ಯಾರಿಗೂ ಕೈ ಕುಲುಕುತ್ತಿರಲಿಲ್ಲ, ಎಡಗೈ ಎದೆಗೆ ಮುಟ್ಟಿಸಿ ಸಲಾಂ ಮಾಡುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಚಾಚಿ ಅನ್ನುತ್ತಿದ್ದೆವು, ಒಮ್ಮೆ ನನ್ನೆದುರಿಗೇ ಹೇಳಿದ್ದರು: "ಲಗ್ನಾ ಆದ ಹೊಸದಾಗಿ ನನ್ನ ಕೈ ಹಿಡಿಯಾಕ ಸೈತ ಸುಗ್ಗಿ ಮುಗೀಲಿ ಅಂದಾಂವ ಇಂವ." ಚಾಚಾ ಮುಖ ಕೆಂಪಗೆ ಮಾಡಿಕೊಂಡು ಚಹಾದ ಬಸಿಯೊಳಗೆ ನೋಡುತ್ತ ಕೂತರು.

ಅವರ ಅಪ್ಪ ಹತ್ತಿ ಹಿಂಜುವವರು. ಹೆಗಲ ಮೇಲೆ ಬಿಲ್ಲು ಹೊತ್ತು ರೋಣದ ಸುತ್ತಲಿನ ಊರೂರು ತಿರುಗಿ, ಮನೆಗಳ ಅಂಗಳದಲ್ಲಿ ಕೂತು, ಹಳೇ ಗಾದಿಗಳ ಹತ್ತಿ ಹಿಂಜಿ ಮತ್ತೆ ತುಂಬಿ ಕೊಡುತ್ತಿದ್ದವರು. ಅಂಗಳದಿಂದ ಒಳಗೆ ಹೋದದ್ದಿಲ್ಲವಂತೆ. ಚಾಚಾ ಪೇಟೆಗೆ ಬಂದದ್ದು ಕಸ ಗುಡಿಸಲು. ನೆಲಕ್ಕೆ ಬಿದ್ದ ಹತ್ತಿಯನ್ನು ಗುಡಿಸಿ ಒಟ್ಟುವಾಗ ಇದು ಇಂಥ ಕಡೆಯದು, ಇದು ಇಂಥ ಬಿಡಿಯದು, ಅಂದರೆ ಗಿಡದಿಂದ ಇಷ್ಟನೇ ಸಲ ಬಿಡಿಸಿದ್ದು, ಎಂದು ತಮ್ಮಷ್ಟಕ್ಕೆ ಬೇರೆ ಬೇರೆ ಗುಡ್ಡೆ ಮಾಡಿ ಇಡುತ್ತಿದ್ದರಂತೆ. ಮಾವನ ಅಪ್ಪ ಅದನ್ನು ನೋಡಿ ಕಟ್ಟೆಯ ಮೇಲೆ ಕರೆದರು. ಆಗ ಯಾರೂ ಯಾರ ಪರವಾಗಿಯೂ ಮಾತು ಹೇಳಿರಲಿಲ್ಲ, ಕೇಳಿಕೊಂಡಿರಲಿಲ್ಲ. ಗುಡ್ಡೆಗಳೇ ಹೇಳಿದ್ದವು.

"ನಮ್ಮಪ್ಪ ಅಂಗಳದಾಗ ಕುಂತ. ನಾ ಕಟ್ಟಿ ಮ್ಯಾಲ ನಿಂತೆ. ನನ್ನ ಮಗಳು ಕುರ್ಚಿ ಮ್ಯಾಲ ಕುಂದರ್ತಾಳ, ನೋಡ್ತಿರು" ಎನ್ನುತ್ತಿದ್ದರು.

ಮಗಳ ಹೆಸರು ದಾವಲಬಿ. ನನ್ನದೇ ವಯಸ್ಸು. ಚಿಕ್ಕಂದಿನಿಂದ ಅವಳಿಗೆ ಒಂದು ಆಟ ಇತ್ತಂತೆ. ಅಪ್ಪ ಸಂಜೆ ಮನೆಗೆ ಬಂದರೆ ಅವರ ಅಂಗಿಗೆ ಹತ್ತಿದ ಅರಳೆಯನ್ನು ಕಿತ್ತು ಇವತ್ತು ಯಾವ ಯಾವ ಊರಿನ ಹತ್ತಿ ಬಂದಿತ್ತೆಂದು ಹೇಳುವುದು. ನಾನು ನೋಡುವ ಹೊತ್ತಿಗೆ ನರಗುಂದದಲ್ಲಿಯೇ ಡಿಗ್ರಿ ಓದುತ್ತಿದ್ದಳು. ಮಧ್ಯಾಹ್ನ ಅಪ್ಪನಿಗೆ ಬುತ್ತಿ ತರುವಳು. ಅವರು ಊಟ ಮಾಡುವ ತನಕ ಸುಮ್ಮನೆ ಕೂತಿರುತ್ತಿರಲಿಲ್ಲ, ಕಟ್ಟೆಯ ಮೇಲಿನ ಹಿಡಿಗಳನ್ನು ಮುಟ್ಟುತ್ತ ಅಡ್ಡಾಡುವಳು. ನನಗೆ ನನ್ನೂರಿನ ಹೆಸರನ್ನೇ ಇಟ್ಟಿದ್ದಳು.

"ಏ ಯಾವಗಲ್, ಇದು ಯಾವ ಬಿಡಿ ಹೇಳು."

"ಎರಡನೇದು."

"ಎರಡನೇದಂತ! ಇದು ಕಡೀ ಬಿಡಿ. ಗಿಡಾ ಮುಪ್ಪಾದಾಗ ಬಿಟ್ಟಿದ್ದು. ಎಮ್ಮಿ ಕಾಯೂದ ಬಿಟ್ಟು ಇಲ್ಲಿಗ್ಯಾಕ ಬಂದಿ ನೀ?"

ಯಾಕೆ ಬಂದೆ ಅಂದರೆ, ನಮ್ಮ ಅವ್ವ ಅವಳ ಅಣ್ಣನಿಗೆ ಹೇಳಿದಳು, ಅದಕ್ಕೆ ಬಂದೆ. ಡಿಗ್ರಿಯಲ್ಲಿ ಎರಡು ವಿಷಯ ಉಳಿದಿದ್ದವು. ಅವ್ವ ಫೋನ್ ಹಚ್ಚಿ, "ಅಣ್ಣಾ, ಇಂವಗೊಂದು ದಾರಿ ಮಾಡು" ಎಂದಳು. ಮಾವ ಮಾರನೇ ದಿನವೇ ಕರೆಸಿಕೊಂಡರು. ನನಗೆ ಹತ್ತಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಹುಚ್ಚು ಹಿಡಿಯಿತು, ಅದು ಮಾತ್ರ ಖರೇ. ಮೊಬೈಲಿನಲ್ಲಿ ಎಲ್ಲೆಲ್ಲಿಯದೋ ವಿಡಿಯೋ ನೋಡಿದೆ, ಭೂತಗನ್ನಡಿ ತಂದೆ, ಒಂದು ನೋಟುಬುಕ್ಕಿನ ತುಂಬ ಹತ್ತಿಯ ಎಳೆಗಳನ್ನು ಅಂಟಿಸಿ ಪಕ್ಕಕ್ಕೆ ಬರೆದಿಟ್ಟೆ. ಚಾಚಾ ಅದನ್ನು ಪುಟ ಪುಟ ತಿರುವಿ ನೋಡಿ, "ಚಂದ ಮಾಡಿದಿ. ಇನ್ನ ಇದನ್ನ ಮುಚ್ಚಿಟ್ಟು ಕಣ್ಣ ಮುಚ್ಚು" ಎಂದು ನನ್ನ ಅಂಗೈಯಲ್ಲಿ ಹತ್ತಿ ಇಟ್ಟರು. ನಾನು ಯಾರ ಅಳಿಯ ಎಂದು ಅವರಿಗೆ ಗೊತ್ತಿತ್ತು. ಕಲಿಸುವಾಗ ಅದು ಗೊತ್ತಿಲ್ಲದವರ ಹಾಗೆ ಬೈಯುತ್ತಿದ್ದರು.

ಎರಡು ವರ್ಷ ಕಳೆಯಿತು. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಒಂದು ಮಧ್ಯಾಹ್ನ ಮಾವನ ಮುಂದೆ ಬಂದು ನಿಂತರು. ಅವರು ಮಾವನಿಗೆ ಮುಖ ಕೊಟ್ಟು ನಿಂತು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸಾವ್ಕಾರ್ರ, ನಂದಿನ್ನ ಸಾಕಾತು. ನನ್ನ ಜಾಗಾಕ್ಕ ಮಗಳನ್ನ ತಗೋರಿ. ಅಕಿ ಕೈ ನನಗಿಂತ ಚಲೋ ಐತಿ."

ಮಾವ ನಕ್ಕರು. "ಹೆಣ್ಮಗಳು, ಇಷ್ಟ ಮಂದ್ಯಾಗ..."

"ಹತ್ತಿ ಬಿಡಸಾವ್ರೆಲ್ಲ ಹೆಣ್ಮಕ್ಕಳ ಅದಾರಲ್ರಿ. ನೋಡಾಕ ಯಾಕ ಬ್ಯಾಡ?"

ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಎದುರಿನ ಅಂಗಡಿಯವರು ಚಹಾ ಕುಡಿಯುತ್ತ ಕೇಳಿಸುವ ಹಾಗೆಯೇ ಅಂದರು: "ನೋಡ್ರಿ, ಇಷ್ಟ ವರ್ಷ ಬೆನ್ನ ತಿರುಗಿಸಿ ನಿಂತಿದ್ದ ಮನಷ್ಯಾ ಮಗಳ ಸಲವಾಗಿ ಹ್ಯಾಂಗ ಹೊಳ್ಳಿ ನಿಂತ." ಆ ಅಂಗಡಿಯಲ್ಲಿ ಅಣ್ಣ, ತಮ್ಮ, ತಮ್ಮನ ಮಗ, ಮೂವರೂ ಕೂರುತ್ತಿದ್ದರು. ಅದು ಯಾರಿಗೂ ಸೋಜಿಗ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಕೊನೆಗೆ ಮಾವ ಒಂದು ಪರೀಕ್ಷೆ ಇಡೋಣವೆಂದರು. "ನನಗೇನ್ರಿ ಚಾಚಾ, ಹತ್ತಿ ತಿಳದಾವ್ರು ಕುಂದರ್ಲಿ. ಅಳಿಯಂತ ನಾ ನೋಡಾಂವಲ್ಲ. ಐದ ಹಿಡಿ ಇಡೂಣು. ಇಬ್ರೂ ಹೇಳ್ಲಿ. ಯಾರದು ಖರೇ ಅಂತ ನೀವ ಹೇಳ್ರಿ." ಚಾಚಾ ತಲೆ ಆಡಿಸಿದರು. ಆಗ ಮಾವ ಎಲ್ಲರ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದರು.

"ಮಗಳಂತ ಕೈ ಆ ಕಡೆ ವಾಲೀತ ಮತ್ತ. ನೋಡ್ಕೋರಿ."

ಎಲ್ಲರೂ ನಕ್ಕರು. ಚಾಚಾನೂ ನಕ್ಕರು. ಆದರೆ ಅವರ ಎಡಗೈ ಮೇಲೆದ್ದು ಅಂಗಿಯ ಗುಂಡಿಯನ್ನು ಹುಡುಕುತ್ತ ಅಲ್ಲೇ ನಿಂತಿತು.

ಕಟ್ಟೆಯ ಮೇಲೆ ಪೇಪರ್ ಹಾಸಿ ಐದು ಹಿಡಿ ಇಟ್ಟರು. ದಾವಲಬಿಯನ್ನು ಆಚೆ ಟ್ರ್ಯಾಕ್ಟರಿನ ಹತ್ತಿರ ನಿಲ್ಲಿಸಿ ಮೊದಲು ನನ್ನನ್ನು ಕರೆದರು. ನಾಲ್ಕನ್ನು ಸರಾಗ ಹೇಳಿದೆ. ಐದನೆಯದು ಹಾಲಿನ ಹಾಗೆ ಬೆಳ್ಳಗಿತ್ತು, ಎಳೆ ಉದ್ದ ಇತ್ತು. ಗೆಲ್ಲುತ್ತಿದ್ದೇನೆಂಬ ಅವಸರದಲ್ಲಿ ಕಿವಿಯ ತನಕ ಒಯ್ಯಲೇ ಇಲ್ಲ. "ಮೊದಲನೇ ಬಿಡಿ. ಚೊಕ್ಕ ಹತ್ತಿ" ಎಂದುಬಿಟ್ಟೆ.

ದಾವಲಬಿ ಬಂದಳು. ನಾಲ್ಕನ್ನು ನನ್ನ ಹಾಗೆಯೇ ಹೇಳಿದಳು. ಐದನೆಯದನ್ನು ಎಳೆದು, ಹರಿದು, ಮತ್ತೊಮ್ಮೆ ಹರಿದಳು.

"ಇದು ನೀರ ಕುಡದೈತಿ. ಮನ್ಯಾಗ ಒಟ್ಟಿದ್ದಕ್ಕ ಹೊಳಿ ನೀರ ಹೊಕ್ಕೈತಿ. ಮಾಳಗಿ ಮ್ಯಾಲ ಹಾಕಿ ಒಣಗಿಸ್ಯಾರ. ಬಣ್ಣ ಹೊಳ್ಳಿ ಬಂದೈತಿ, ಜೀವ ಬಂದಿಲ್ಲ."

ಆ ವರ್ಷ ಮಲಪ್ರಭೆ ಕೊಣ್ಣೂರಿನ ಸೇತುವೆಯ ಮೇಲೆ ಹರಿದಿತ್ತು. ಐದನೆಯ ಹಿಡಿ ಕೊಣ್ಣೂರಿನ ಕಡೆಯಿಂದ ಬಂದ ಮಾಲಿನದೇ. ಅದು ಮಾವನಿಗೆ, ಯಲ್ಲಪ್ಪನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರದೂ ಬೇರೆ ಬೇರೆ ಆಯಿತು. ಎಲ್ಲರೂ ಚಾಚಾನ ಕಡೆ ನೋಡಿದರು. ಅವರು ಎಂದಿನಂತೆ ಗೋಡೆಯ ಕಡೆ ತಿರುಗಿ ಬಲಗೈ ಹಿಂದಕ್ಕೆ ಚಾಚಿದರು. ಯಲ್ಲಪ್ಪ ಐದನೆಯ ಹಿಡಿಯನ್ನು ಇಟ್ಟ. ಬೆನ್ನು ತಿರುಗಿಸಿ ಏನು ಉಪಯೋಗ? ಯಾರ ಮಾತು ಯಾವುದೆಂದು ಅವರು ಕೇಳಿಸಿಕೊಂಡಿದ್ದರು.

ನಾನು ಅವರ ಮಗ್ಗುಲಲ್ಲೇ ಇದ್ದೆ, ಒಂದು ಮೊಳದ ಅಂತರ. ಅವರು ಎಳೆದರು, ಸಮ ಮಾಡಿದರು, ಕಿವಿಯ ಹತ್ತಿರ ಒಯ್ದು ಹರಿದರು.

ಸದ್ದು ಬರಲಿಲ್ಲ.

ತೊಯ್ದ ಕಾಗದ ಹರಿದ ಹಾಗೆ ಎಳೆಗಳು ಸುಮ್ಮನೆ ಎರಡಾದವು. ನನಗೆ ಕೇಳಿಸಿತು ಎನ್ನಬೇಕೋ, ಕೇಳಿಸಲಿಲ್ಲ ಎನ್ನಬೇಕೋ. ಆ ಹೊತ್ತಿಗೆ ಒಂದೂ ಟ್ರ್ಯಾಕ್ಟರ್ ಚಾಲೂ ಇರಲಿಲ್ಲ. ನನ್ನ ಉತ್ತರ ತಪ್ಪು ಎಂದು ಅದೇ ಗಳಿಗೆಗೆ ನನಗೆ ಗೊತ್ತಾಯಿತು.

ಚಾಚಾ ಗೋಡೆಯ ಕಡೆಯೇ ನಿಂತು ಹರಿದ ಎಳೆಗಳನ್ನು ಅಂಗೈಯಲ್ಲಿ ಉಂಡೆ ಮಾಡಿದರು. ಆಮೇಲೆ, "ಹುಡುಗ ಹೇಳಿದ್ದ ಬರೋಬ್ಬರಿ ಐತಿ" ಎಂದರು.

ದಾವಲಬಿ ಎದ್ದು ನಿಂತಳು. "ಅಪ್ಪಾ, ಇನ್ನೊಮ್ಮೆ ಕೇಳ್ರಿ."

"ಕೇಳೇನಿ."

ಅಷ್ಟೇ. ಅವಳು ಬುತ್ತಿಯ ಡಬ್ಬಿ ಎತ್ತಿಕೊಂಡು ಕಟ್ಟೆ ಇಳಿದಳು. ಮಾವ ನನ್ನ ಬೆನ್ನಿಗೆ ಗುದ್ದಿ, "ನಿಮ್ಮವ್ವಗ ಫೋನ್ ಹಚ್ಚು" ಎಂದರು. ಹಚ್ಚಿದೆ. ಅವ್ವ ಆ ಕಡೆ ಅಳುತ್ತಿದ್ದಳು, ಸಂತೋಷಕ್ಕೆ.

ಆ ಮಾಲು ಚೊಕ್ಕ ಹತ್ತಿ ಎಂದೇ ಮಿಲ್ಲಿಗೆ ಹೋಯಿತು. ಸ್ವಲ್ಪ ದಿನಕ್ಕೇ ದೂರು ಬಂತು. ಎಳೆ ನಿಲ್ಲುತ್ತಿಲ್ಲ, ತುಂಡಾಗುತ್ತಿದೆ, ಇದನ್ನು ಯಾರು ನೋಡಿ ಕಳಿಸಿದರು ಎಂದು. ಮಾವ ಪೇಟೆಯ ಮಂದಿಯ ಮುಂದೆ, "ಪಾಪ, ಚಾಚಾಗ ಕಿವಿ ಮಂದ ಆಗ್ಯಾವ" ಎಂದರು. ಅದೇ ವಾರ ಅವರಿಗೆ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟು ಬೀಳ್ಕೊಟ್ಟರು. ಇಡೀ ಜೀವಮಾನದಲ್ಲಿ ಅವರ ಮೇಲೆ ಬಂದ ಒಂದೇ ದೂರು ಅದು. ಮೊದಲು ತಪ್ಪು ಹೇಳಿದವನು ನಾನು ಎಂದು ನಾನಾದರೂ ಅನ್ನಬಹುದಿತ್ತು. ಶಾಲಿನ ಒಂದು ತುದಿ ಹಿಡಿದುಕೊಂಡು ಫೋಟೋಕ್ಕೆ ನಿಂತೆ. ಚಾಚಾ ಇಷ್ಟೇ ಹೇಳಿದರು: "ಹೌದ್ರಿ. ಆ ದಿನ ನಂದ ತಪ್ಪಾತು."

ಮುಂದೆ ಅವರು ಮಾಡಿದ್ದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಸಂಜಿಗೆ ಮನಿಗೆ ಬಾ, ನೀ ಇನ್ನೂ ಹಸೀ ಅದಿ" ಎಂದರು. ಒಂದೂವರೆ ವರ್ಷ ದಿನಾ ಸಂಜೆ ಹೋದೆ. ಅವರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಪೇಟೆಯಿಂದ ತಂದ ಹಿಡಿಗಳನ್ನು ಒಂದೊಂದಾಗಿ ಬಿಚ್ಚುವುದು. ದಾವಲಬಿ ಒಳಗೆ ಹೊಲಿಗೆ ಮಷೀನಿನ ಮೇಲೆ ಕುಪ್ಪಸ ಹೊಲಿಯುತ್ತಿದ್ದಳು. ಹೊರಗೆ ಬರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಆದರೆ ನಾನು ತಪ್ಪು ಹೇಳಿದೊಡನೆ ಮಷೀನು ನಿಲ್ಲುತ್ತಿತ್ತು. ಮೊದಲು ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಒಂದು ಕಿವಿ ಅಲ್ಲೇ ಇಟ್ಟೆ. "ಇದು ಎರಡನೇ ಬಿಡಿ" ಎನ್ನುವೆ, ಒಳಗೆ ಕಟಕಟ ನಡೆದೇ ಇರುತ್ತಿತ್ತು, ಅಂದರೆ ಸರಿ. "ಚಲೋ ಐತಿ" ಎನ್ನುವೆ, ಒಳಗೆ ಸ್ತಬ್ಧ. ನಾನು ಗಡಿಬಿಡಿಯಲ್ಲಿ ಮಾತು ಬದಲಿಸುತ್ತಿದ್ದೆ. ಚಾಚಾ ಇದನ್ನು ಗಮನಿಸಿದರೋ ಇಲ್ಲವೋ, ಒಮ್ಮೆಯೂ ಏನೂ ಅನ್ನಲಿಲ್ಲ. ಇವತ್ತು ಪೇಟೆಯಲ್ಲಿ ನನಗೆ "ಚಾಚಾನ ಕೈ ಬಂದೈತಿ" ಅನ್ನುತ್ತಾರೆ. ಅರ್ಧ ಬಂದದ್ದು ಆ ಮಷೀನಿನಿಂದ.

ಆಮೇಲೆ ಅವಳ ಮದುವೆಯಾಯಿತು. ಗಂಡನದು ಗಜೇಂದ್ರಗಡದಲ್ಲಿ ಗಾದಿ ಮಾಡುವ ಅಂಗಡಿ. ಮದುವೆಗೆ ಹೋಗಿದ್ದೆ. ಚಾಚಾ ನನ್ನ ಪಕ್ಕದಲ್ಲಿ ಕೂತು ಊಟ ಮಾಡುತ್ತ, "ನಮ್ಮಪ್ಪ ಮಾಡಿದ್ದ ಕೆಲಸಾ. ತಿರಗಿ ಅಲ್ಲೇ ಹೋತು ನೋಡು ಮನಿ" ಎಂದರು. ಮದುವೆಯ ಊಟದಲ್ಲಿ ಅಪ್ಪನೊಬ್ಬ ಅಂಥ ಮಾತು ಆಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮರುದಿನ ಸಂಜೆ ಅಭ್ಯಾಸಬಲದಿಂದ ಅವರ ಮನೆಗೆ ಹೋದೆ. ಮಷೀನಿನ ಮೇಲೆ ಬಟ್ಟೆ ಹೊದಿಸಿದ್ದರು. ಒಂದು ಹಿಡಿ ಬಿಚ್ಚಿ ಏನೋ ಹೇಳಿದೆ. ಒಳಗಿನಿಂದ ಏನೂ ಕೇಳಲಿಲ್ಲ. ಸರಿಯೋ ತಪ್ಪೋ ತಿಳಿಯಲಿಲ್ಲ.

ನನಗೆ ಈಗ ಸದ್ದಿಲ್ಲದೆ ಹರಿಯುವ ಎಲ್ಲದರ ಭಯ. ಮೆತ್ತಗಾದ ರೊಟ್ಟಿ, ನೆನೆದ ಬಸ್ ಟಿಕೇಟು. ಕೈಯಲ್ಲಿ ಸುಮ್ಮನೆ ಎರಡಾದರೆ ಯಾರೋ ಗೋಡೆಯ ಕಡೆ ತಿರುಗಿ ನಿಂತಂತೆ ಆಗುತ್ತದೆ.

ಕೊನೆಯ ಸಲ ಅವರನ್ನು ನೋಡಿದ್ದು ಅವರ ಮನೆಯಲ್ಲಿ, ಒಂದು ಮಧ್ಯಾಹ್ನ. ದವಾಖಾನೆಯಿಂದ ಮನೆಗೆ ಕಳಿಸಿದ್ದರು. ಚಾಚಿ ಗಂಜಿ ಮಾಡಲು ಒಳಗೆ ಹೋಗಿದ್ದರು. ಅವರು ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ತಿರುಗದೆಯೇ ಮಾತಾಡಿದರು.

"ಯಾರ ಹತ್ತಿ ಅಂತ ಗೊತ್ತಿಲ್ದ ನಲವತ್ತ ವರ್ಷ ಹೇಳೀನಿ. ಆ ದಿನ ಒಂದ ಗೊತ್ತಿತ್ತು."

ಮುಂದಿನದನ್ನೂ ಗೋಡೆಗೇ ಹೇಳಿದರು.

"ಮಗಳ ಕಡೆ ಹೇಳಿದ್ರ ಅಪ್ಪ ಹೇಳಿದ ಅಂತಾರ. ಹಂಗ ಅನಿಸ್ಕೋಬಾರದಂತ ಸುಳ್ಳ ಹೇಳಿದೆ. ಮಂದಿ ತಮ್ಮ ಮಕ್ಕಳಿಗೆ ವಶೀಲಿ ಮಾಡ್ತಾರ. ನಾ ನನ್ನ ಹೆಸರಿಗೆ ವಶೀಲಿ ಮಾಡ್ಕೊಂಡೆ. ಮಗಳ ಜಾಗಾ ಕೊಟ್ಟು." ಆಮೇಲೆ ಕೇಳಿದರು. "ನೀ ಬಾಜೂಕ ಇದ್ದಿ. ನಿನಗ ಕೇಳಿಸಿತ್ತೇನು?"

"ಇಲ್ಲ ಚಾಚಾ" ಎಂದೆ.

ಅವರ ಬೆನ್ನು ಸಡಿಲಾದದ್ದು ಅಂಗಿಯ ಮೇಲಿನಿಂದಲೇ ಕಂಡಿತು. "ಚಲೋ ಆತು. ಕೇಳಿಸಿದ ಮ್ಯಾಲ ಸುಮ್ಮನ ಇರೂದು ಭಾಳ ಭಾರ. ನಿನಗದು ಬ್ಯಾಡ."

ಎಂಟು ದಿನಕ್ಕೆ ತೀರಿಕೊಂಡರು. ಮಣ್ಣಿಗೆ ಹೋದೆ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು, ನಾನೂ ಹಾಕಿದೆ. ಕೈ ಮಾತ್ರ ನನ್ನದು ಅನ್ನಿಸಲಿಲ್ಲ. ಬೆರಳು ಮಡಿಸುವುದು, ಬಿಡಿಸುವುದು, ಎಲ್ಲ ಅವರದೇ.

ಎರಡು ವಾರ ತಡೆದುಕೊಂಡೆ. ಆಮೇಲೆ ಒಂದು ದಿನ ರೋಣದ ಮೇಲೆ ಹಾದು ಗಜೇಂದ್ರಗಡಕ್ಕೆ ಹೋದೆ. ದಾವಲಬಿಯ ಅಂಗಡಿ ಸಿಗುವುದು ಕಷ್ಟವಾಗಲಿಲ್ಲ, ಓಣಿಯ ಬಾಯಿಗೇ ಹತ್ತಿಯ ಧೂಳು ಹಾರುತ್ತಿತ್ತು. ಹಿಂಜುವ ಮಷೀನು ಓಡುತ್ತಿತ್ತು. ಅವಳು ಮೂಗು ಬಾಯಿಗೆ ಓಢಣಿ ಕಟ್ಟಿಕೊಂಡು ಹಳೇ ಗಾದಿಯೊಂದರ ಹೊಲಿಗೆ ಬಿಚ್ಚುತ್ತಿದ್ದಳು. ರೆಪ್ಪೆಗಳ ಮೇಲೆಲ್ಲ ಅರಳೆ. ನನ್ನನ್ನು ನೋಡಿ ಮಷೀನು ಬಂದ್ ಮಾಡಿದಳು. ಬಾಯಿ ತೆರೆಯುವ ಮೊದಲೇ ತಪ್ಪು ಹೇಳಿದಂತಾಯಿತು.

"ಬರ್ರಿ ಸಾವ್ಕಾರ್ರ. ಚಹಾ ತರಸ್ಲಿ?"

ಸಾವ್ಕಾರ್ರ! ಬೇಡ ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಉದುರಿಹೋಗಿದ್ದವು.

"ಆ ದಿನ... ಐದನೇದು... ನನಗ ಗೊತ್ತಾಗಿತ್ತು. ಚಾಚಾ ಹರದಾಗ ಸಪ್ಪಳ ಬರ್ಲಿಲ್ಲ. ನಾ ಬಾಜೂಕ ಇದ್ದೆ."

ಅವಳು ಗಾದಿಯ ಹೊಲಿಗೆಯ ಮೇಲಿಂದ ಕಣ್ಣು ಎತ್ತಲಿ ಎಂದು ಕಾದೆ. ಎತ್ತಲಿಲ್ಲ.

"ನನಗೂ ಗೊತ್ತಿತ್ತು. ಅಪ್ಪಗೂ ಗೊತ್ತಿತ್ತು" ಎಂದಳು. "ನಾ ಹೇಳಿದ್ರ ಸೋತಾಕಿ ಬಡಬಡಸ್ತಾಳ ಅಂತಿದ್ರು. ಅಪ್ಪ ಹೇಳಿದ್ರ ಮಗಳಿಗೆ ಹೇಳಿದ ಅಂತಿದ್ರು. ಹೇಳಿದ್ರ ಮಂದಿ ನಂಬೂ ಹಂಗ ಇದ್ದಾಂವ ನೀ ಒಬ್ಬನ ಇದ್ದಿ, ಯಾವಗಲ್."

ಮಷೀನು ಬಂದ್ ಆಗಿ ಹಾರುತ್ತಿದ್ದ ಧೂಳು ಮೆಲ್ಲಗೆ ಕೆಳಗಿಳಿಯುತ್ತಿತ್ತು. ನಾನು ತೊದಲಿದೆ. ಈಗ ಬೇಕಾದರೆ ಮಾವನ ಹತ್ತಿರ ಮಾತಾಡುತ್ತೇನೆ, ನೀ ಬಂದು ಕೂರು ಎಂದೆ. ಅವಳು ನಕ್ಕಳು. ಅವಳಪ್ಪ ಜಮೀನುದಾರನಿಗೆ ಉತ್ತರ ಕೊಟ್ಟಾಗಿನ ಅದೇ ದನಿ.

"ಈಗ ನಿಮ್ಮ ವಶೀಲಿ ಮ್ಯಾಲ ಬಂದು ಕುಂದ್ರಬೇಕೇನ್ರಿ ನಾ? ಅಪ್ಪಗ ಕಿವಿ ಕೇಳ್ತಿದ್ದಿಲ್ಲ ಅಂತ ಇಡೀ ಪೇಟಿ ಅಂತೈತಿ ಇನ್ನೂ. ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಇಷ್ಟು ದೂರ ಬಂದೀರಿ. ಪೇಟಿ ನಿಮ್ಮ ಅಂಗಡಿ ಮುಂದನ ಐತಿ."

ಮತ್ತೆ ಮಷೀನು ಚಾಲೂ ಮಾಡಿದಳು.

ಮಾರನೇ ದಿನ ಪೇಟೆ ತುಂಬಿತ್ತು. ಹತ್ತು ಗಂಟೆಯ ಹೊತ್ತಿಗೆ ನಮ್ಮ ಕಟ್ಟೆಯ ಮುಂದೆ ಇಪ್ಪತ್ತು ಮಂದಿ ರೈತರು, ಎದುರಿನ ಅಂಗಡಿಯವರು, ಹಮಾಲರು. ಮಾವ ಕುರ್ಚಿಯಲ್ಲಿ ಕೂತು ಮೊಬೈಲು ತಿಕ್ಕುತ್ತಿದ್ದರು. ನಾನು ಎದ್ದು ನಿಂತೆ.

"ಮಾವಾ, ಚಾಚಾನ ಕಿವಿ ಮಂದ ಆಗಿದ್ದಿಲ್ಲ. ಆ ದಿನ ನಾ ತಪ್ಪು ಹೇಳಿದ್ದೆ. ದಾವಲಬಿ ಹೇಳಿದ್ದ ಖರೇ ಇತ್ತು. ನನಗ ಅವತ್ತ ಗೊತ್ತಿತ್ತು."

ಯಲ್ಲಪ್ಪ ಹೊತ್ತಿದ್ದ ಅಂಡಿಗೆಯನ್ನು ಹಾಗೇ ಕೆಳಗೆ ಬಿಟ್ಟ.

ಮಾವ ತಲೆ ಎತ್ತಲಿಲ್ಲ. ಬೆರಳು ಪರದೆಯ ಮೇಲೆ ಓಡುತ್ತಲೇ ಇತ್ತು. "ನನಗೂ ಗೊತ್ತಿತ್ತು ಬಿಡು. ನಲವತ್ತ ವರ್ಷ ಪೇಟ್ಯಾಗ ಅದೀನಿ, ಕೊಣ್ಣೂರ ಮಾಲಂತ ನನಗ ತಿಳದಿದ್ದಿಲ್ಲೇನು? ನೀ ನಮ್ಮ ತಂಗಿ ಮಗ. ಮತ್ತೇನ ಮಾಡ್ತಿದ್ದೆ? ಹೇಳಿದೆಲ್ಲ, ಹಗರಾತು. ಕುಂದರು, ಮಂದಿ ನಿಂತೈತಿ."

ಯಾರೋ ಕೆಮ್ಮಿದರು. ಎದುರಿನ ಅಂಗಡಿಯವರು ಚಹಾ ಕುಡಿಯುವುದನ್ನು ಮುಂದುವರಿಸಿದರು. ನಾನು ನಿಂತಲ್ಲೇ ನಿಂತಿದ್ದೆ. ಹೇಳಿದರೆ ಏನೋ ಆಗುತ್ತದೆ, ಆಕಾಶ ಕಳಚುತ್ತದೆ ಎಂದು ಆರು ವರ್ಷ ಹೆದರಿಕೊಂಡಿದ್ದೆ. ಏನೂ ಆಗಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು.

ಸಾಲಿನ ಹಿಂದೆ ನಿಂತಿದ್ದ ಹಿರಿಯ ರೈತರೊಬ್ಬರು ಮುಂದೆ ಬಂದರು. ಗುರುತಿನವರಲ್ಲ. ಅವರ ಹತ್ತಿಯ ಬಗ್ಗೆ ಬೇರೆ ಅಂಗಡಿಯಲ್ಲಿ ಆಗಲೇ ತಕರಾರು ಆಗಿತ್ತಂತೆ.

"ತಮ್ಮಾ, ಆ ಹೆಣ್ಮಗಳು ಈಗ ಎಲ್ಲಿರ್ತಾಳ?"

"ಗಜೇಂದ್ರಗಡದಾಗ ಅದಾಳ್ರಿ."

"ಹತ್ತಿ ನೋಡ್ತಾಳೇನ ಇನ್ನೂ?"

"ನೋಡಿದ್ರ ಅಕಿ ಅಷ್ಟ ಚಲೋ ಯಾರೂ ನೋಡಂಗಿಲ್ರಿ. ಕೇಳ್ಬೇಕು."

"ಫೋನ್ ನಂಬರ್ ಐತೇನು?"

ದಾವಲಬಿಯ ಅಂಗಡಿಯ ಬೋರ್ಡಿನ ಮೇಲಿನ ನಂಬರ್ ನನ್ನ ಹತ್ತಿರ ಇತ್ತು. ಆ ಹಿರಿಯರ ಮೊಬೈಲು ಇಸಿದುಕೊಂಡು ಒತ್ತಿ ಕೊಡಬಹುದಿತ್ತು. ಕೊಡಲಿಲ್ಲ. ಒಂದೊಂದೇ ಅಂಕಿಯನ್ನು ಕಟ್ಟೆಯ ಕೊನೆಯ ತನಕ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಹಿಂದಿನ ಸಾಲಿನಿಂದ ಇನ್ನೊಬ್ಬರು, "ಇನ್ನೊಮ್ಮೆ ಹೇಳ್ರಿ, ಬರಕೊಳ್ತೀನಿ" ಎಂದರು. ಇನ್ನೊಮ್ಮೆ ಹೇಳಿದೆ.

ಮಾವ ಆಗ ತಲೆ ಎತ್ತಿದರು.